ನಾಲ್ಕು ವರ್ಷದ ಮಗ, ಮೊಣಕಾಲು ನೋವಿನ ಅತ್ತೆ, ಕ್ಯೋಟೋದ ದೇವಸ್ಥಾನಗಳು: ಹೋಗಬಹುದಾ?

ಪ್ರಶ್ನೆ: ಮೇಡಂ, ಬರುವ ಮೇ ತಿಂಗಳಲ್ಲಿ ಹತ್ತು ದಿನ ಜಪಾನ್‌ಗೆ ಹೊರಟಿದ್ದೇವೆ. ನಾನು, ನಮ್ಮ ಮನೆಯವರು, 9 ವರ್ಷದ ಮಗಳು, 4 ವರ್ಷದ ಮಗ, ಜೊತೆಗೆ 66 ವರ್ಷದ ಅತ್ತೆ. ಅತ್ತೆ ಶುದ್ಧ ಸಸ್ಯಾಹಾರಿ, ಈರುಳ್ಳಿ ಬೆಳ್ಳುಳ್ಳಿ ಕೂಡ ತಿನ್ನೋದಿಲ್ಲ. ಮೊಣಕಾಲು ನೋವೂ ಇದೆ. ಮನೆಯವರು ಕ್ಯೋಟೋ, ನಾರಾ ಸೇರಿ ನಾಲ್ಕು ದಿನಕ್ಕೆ ಹನ್ನೊಂದು ದೇವಸ್ಥಾನಗಳ ಪಟ್ಟಿ ಮಾಡಿಟ್ಟಿದ್ದಾರೆ. ನನಗೆ ಮಗನದ್ದೇ ಭಯ. ಅವನು ಒಂದು ಕಡೆ ಐದು ನಿಮಿಷ ಕೂರೋದಿಲ್ಲ. ಖುಷಿಯಾದರೂ ಕಿರುಚುತ್ತಾನೆ, ಸಿಟ್ಟು ಬಂದರೂ ಕಿರುಚುತ್ತಾನೆ. ಅಲ್ಲಿಗೆ ಹೋಗಿಬಂದ ನೆಂಟರೊಬ್ಬರು, ‘ದೇವಸ್ಥಾನದಲ್ಲಿ ಪಿಸುಗುಟ್ಟಿದರೂ ತಿರುಗಿ ನೋಡ್ತಾರೆ, ಮಕ್ಕಳು ಗಲಾಟೆ ಮಾಡಿದರೆ ಹೊರಗೆ ಕಳಿಸ್ತಾರೆ’ ಅಂದರು. ಅವತ್ತಿಂದ ನನಗೆ ನಿದ್ದೆ ಇಲ್ಲ. ದೇವಸ್ಥಾನಗಳನ್ನೆಲ್ಲ ಬಿಟ್ಟು ಡಿಸ್ನಿಲ್ಯಾಂಡ್ ನೋಡಿಕೊಂಡು ಬರೋದು ವಾಸಿನಾ? ಹಾಗೆ ಮಾಡಿದರೆ ಅತ್ತೆಗೆ ಬೇಜಾರಾಗುತ್ತೆ. ಇನ್ನೊಂದು ಮಾತು, ಬೇರೆಯವರ ಗುಡಿಯಲ್ಲಿ ನಾವು ಕೈ ಮುಗಿಯಬಹುದಾ?
(ದಾವಣಗೆರೆಯ ಓದುಗರು)

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ದೇವಸ್ಥಾನಗಳಿಗೆ ಖಂಡಿತ ಹೋಗಿ. ಆದರೆ ಹನ್ನೊಂದು ಬೇಡ. ನಾಲ್ಕು ದಿನಕ್ಕೆ ಐದು ಸಾಕು, ತೀರಾ ಆಸೆಯಾದರೆ ಆರು.

ನಮ್ಮ ಕಡೆಯ ಕುಟುಂಬಗಳನ್ನು ಜಪಾನ್‌ಗೆ ಕರೆದುಕೊಂಡು ಹೋಗುವ ಕೆಲಸಕ್ಕೆ ನಾನು ಇಳಿದು ಹದಿನೈದು ವರ್ಷ ಆಗುತ್ತಾ ಬಂತು. ಸುಮಾರು ಗುಂಪುಗಳಲ್ಲಿ ಹತ್ತು ವರ್ಷದೊಳಗಿನ ಮಕ್ಕಳು ಇದ್ದೇ ಇರುತ್ತಾರೆ. ಗಲಾಟೆ ಮಾಡಿತು ಅಂತ ಮಗುವನ್ನು ದೇವಸ್ಥಾನದಿಂದ ಹೊರಗೆ ಕಳಿಸಿದ್ದನ್ನು ಇಷ್ಟು ವರ್ಷದಲ್ಲಿ ನಾನು ನೋಡಿಲ್ಲ. ಹಸಿದು, ದಣಿದು, ಮೆಟ್ಟಿಲ ಮೇಲೆ ಕೂತು ಅತ್ತ ಮಕ್ಕಳನ್ನು ಮಾತ್ರ ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಅವರ ಪಕ್ಕದಲ್ಲೇ, ‘ಇನ್ನೊಂದೇ ಇನ್ನೊಂದು ಬಾಕಿ’ ಅನ್ನುವ ಅಪ್ಪಂದಿರನ್ನೂ ನೋಡಿದ್ದೇನೆ. ನಿಮ್ಮ ಭಯ ಗಲಾಟೆಯ ಕಡೆ ಇದೆ. ನಾನಾಗಿದ್ದರೆ ಪಟ್ಟಿಯ ಕಡೆ ಭಯ ಪಡುತ್ತಿದ್ದೆ.

ನೆಂಟರು ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ಅವರು ಬಹುಶಃ ಯಾವುದೋ ಜೆನ್ (ಧ್ಯಾನಕ್ಕೆ ಹೆಸರಾದ ಬೌದ್ಧ ಪಂಥ) ದೇವಸ್ಥಾನದ ತೋಟದ ಮುಂದೆ ಕೂತಿದ್ದಿರಬೇಕು. ಅಂಥ ಕಡೆ ಜನ ಜಗಲಿಯ ಮೇಲೆ ಸುಮ್ಮನೆ ಕೂರುವುದಕ್ಕೇ ಬರುತ್ತಾರೆ, ಒಂದು ಕೆಮ್ಮೂ ಕೇಳಿಸುತ್ತದೆ. ಕ್ಯೋಟೋದ ಎಷ್ಟೋ ಚಿಕ್ಕ ದೇವಸ್ಥಾನಗಳಲ್ಲಿ ಅರ್ಚಕರ ಮನೆಯೂ ಅದೇ ಆವರಣದಲ್ಲಿರುತ್ತದೆ. ಅಲ್ಲಿಗೆ ನಾಲ್ಕು ವರ್ಷದ ಹುಡುಗನನ್ನು ಕರೆದುಕೊಂಡು ಹೋಗಬೇಡಿ. ಪಾಚಿಯ ತೋಟಕ್ಕೆ ಹೆಸರಾದ ಸೈಹೋಜಿಗಂತೂ ಮೊದಲೇ ಕಾಯ್ದಿರಿಸಿದವರಿಗೆ ಮಾತ್ರ ಪ್ರವೇಶ, ಚಿಕ್ಕ ಮಕ್ಕಳನ್ನು ಬಿಡುವುದೇ ಇಲ್ಲ. ನಿಮ್ಮ ಮನೆಯವರ ಪಟ್ಟಿಯಲ್ಲಿ ಅದಿದ್ದರೆ ಈಗಲೇ ಹೊಡೆದುಹಾಕಿ.

ಆದರೆ ದೊಡ್ಡ ದೇವಸ್ಥಾನಗಳ ಕತೆ ಬೇರೆ. ಜಪಾನಿನಲ್ಲಿ ಮಗು ಹುಟ್ಟಿ ಸುಮಾರು ಒಂದು ತಿಂಗಳಿಗೆ ಅದನ್ನು ಶಿಂಟೋ (ಜಪಾನಿನ ಸ್ವಂತ ಧರ್ಮ) ಗುಡಿಗೆ ಎತ್ತಿಕೊಂಡು ಹೋಗುತ್ತಾರೆ. ಅದಕ್ಕೆ ಮಿಯಾಮೈರಿ ಅನ್ನುತ್ತಾರೆ. ಮೂರು, ಐದು, ಏಳು ವರ್ಷ ತುಂಬುವ ಮಕ್ಕಳಿಗೆ ಕಿಮೊನೊ ಉಡಿಸಿ ಗುಡಿಗೆ ಕರೆತರುವ ಶಿಚಿ-ಗೋ-ಸಾನ್ ಅನ್ನುವ ಹಬ್ಬ ನವೆಂಬರ್ 15ರ ಹೊತ್ತಿಗೆ ನಡೆಯುತ್ತದೆ. ಮಕ್ಕಳು ಅಲ್ಲಿ ಹೊರಗಿನವರಲ್ಲ. ಇನ್ನೊಂದು ವಿಷಯ, ನೀವು ಹೋಗುವ ಮೇ ತಿಂಗಳು ಅಲ್ಲಿ ಶಾಲಾ ಪ್ರವಾಸದ ಕಾಲ. ನಾರಾದ ದೊಡ್ಡ ಬೌದ್ಧ ದೇವಸ್ಥಾನ ತೋದಾಯ್-ಜಿ ಮುಂದೆ ಬಸ್ಸಿನ ಮೇಲೆ ಬಸ್ಸು ಬಂದು ನಿಲ್ಲುತ್ತದೆ. ಬಣ್ಣದ ಟೋಪಿ ಹಾಕಿಕೊಂಡ ಮಕ್ಕಳು ಸಾಲಾಗಿ ಇಳಿದು, ಸಾಲು ಮುರಿದು, ಜಿಂಕೆ ಕಂಡ ಕೂಡಲೇ ಕಿರುಚುತ್ತಾರೆ. ಅದರ ನಡುವೆ ನಿಮ್ಮ ಮಗನ ಕೂಗು ಯಾರ ಕಿವಿಗೂ ಬೀಳೋದಿಲ್ಲ.

ತಿರುಗಿ ನೋಡ್ತಾರೆ ಅನ್ನುವ ಮಾತಿನ ಹಿಂದೆ ಇರುವುದೇನು ಅಂತಲೂ ಹೇಳುತ್ತೇನೆ. ಜಪಾನೀಯರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುವ ಮಾತು ಮೆಯ್‌ವಾಕು. ನಮ್ಮಿಂದ ಇನ್ನೊಬ್ಬರಿಗೆ ಆಗುವ ತೊಂದರೆ ಅಂತ ಅರ್ಥ. ಮಗು ಅತ್ತರೆ ಅದು ತಪ್ಪಲ್ಲ. ಮಗು ಅಳುತ್ತಿರುವಾಗ ಅಪ್ಪ ಅಮ್ಮ ಫೋನ್ ನೋಡುತ್ತಾ ನಿಂತರೆ ಜನರ ಮುಖ ಬಿಗಿಯುತ್ತದೆ. ಮಗುವನ್ನು ಎತ್ತಿಕೊಂಡು, ಪಕ್ಕದವರಿಗೆ ತಲೆ ಸ್ವಲ್ಪ ಬಾಗಿಸಿ ‘ಸುಮಿಮಾಸೆನ್’ (ಕ್ಷಮಿಸಿ) ಅನ್ನಿ. ಎರಡು ಹೆಜ್ಜೆ ಹೊರಗೆ ಬನ್ನಿ. ಅಷ್ಟೇ ಸಾಕು. ಆಮೇಲೆ ಅದೇ ಜನ ಮಗುವಿನ ಕಡೆ ನೋಡಿ ನಗುತ್ತಾರೆ, ಕೆಲವು ಅಜ್ಜಿಯರು ಚೀಲದಿಂದ ಮಿಠಾಯಿ ತೆಗೆದು ಕೊಡುತ್ತಾರೆ.

ಹಾಗಾದರೆ ಮಕ್ಕಳು ಅಲ್ಲಿ ಯಾಕೆ ಹಟ ಮಾಡುತ್ತಾರೆ?

ಮೊದಲ ಕಾರಣ ಗಡಿಯಾರ. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ. ‘ಕಿಯೋಮಿಜು-ದೇರಾ ಬೆಳಗ್ಗೆ 6ಕ್ಕೆ ತೆರೆಯುತ್ತೆ, ಆಗಲೇ ಹೋಗಿ, ಜನ ಇರೋದಿಲ್ಲ’ ಅಂತ ಎಲ್ಲರೂ ಬರೆಯುತ್ತಾರೆ. ಮಾತು ನಿಜ. ಆದರೆ ಆಗ ನಿಮ್ಮ ಮಗನ ಮೈಗೆ ರಾತ್ರಿ ಎರಡೂವರೆ. ಮೊದಲ ಎರಡು ಮೂರು ದಿನ ಅವನನ್ನು ಐದು ಗಂಟೆಗೆ ಎಬ್ಬಿಸಿದರೆ ಹತ್ತು ಗಂಟೆಗೆ ಅದರ ಬೆಲೆ ತೆರುತ್ತೀರಿ. ಬೆಳಗಿನ ದೇವಸ್ಥಾನಗಳನ್ನು ಪ್ರವಾಸದ ಕೊನೆಯ ದಿನಗಳಿಗೆ ಇಟ್ಟುಕೊಳ್ಳಿ. ಶುರುವಿನಲ್ಲಿ ಸಂಜೆಗಳನ್ನು ಬಳಸಿ. ನಮ್ಮ ಮಕ್ಕಳು ಅಲ್ಲಿ ಸಂಜೆ ಚುರುಕಾಗಿಯೇ ಇರುತ್ತಾರೆ.

ಎರಡನೆಯದು ನಡಿಗೆ. ರೈಲು ನಿಲ್ದಾಣದೊಳಗೇ ಅರ್ಧ ಕಿಲೋಮೀಟರ್ ಆಗುತ್ತದೆ, ದೊಡ್ಡವರೇ ದಿನಕ್ಕೆ 10–12 ಕಿ.ಮೀ. ನಡೆದುಬಿಡುತ್ತಾರೆ. ಮಡಚುವ ತಳ್ಳುಗಾಡಿ ನಿಲ್ದಾಣಗಳಲ್ಲಿ ಉಪಯೋಗಕ್ಕೆ ಬರುತ್ತದೆ, ಲಿಫ್ಟ್ ಇರುತ್ತದೆ. ದೇವಸ್ಥಾನದ ಆವರಣದಲ್ಲಿ ಮಾತ್ರ ದಪ್ಪ ಜಲ್ಲಿ ಹಾಸಿರುತ್ತಾರೆ, ಚಕ್ರ ಹೂತುಹೋಗುತ್ತದೆ. ಹಗುರವಾದದ್ದೊಂದು ಇರಲಿ, ಅದನ್ನು ಹೊರಬೇಕಾಗುತ್ತೆ ಅನ್ನೋದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಮೂರನೆಯದು ಹಸಿವು, ಅದಕ್ಕೆ ಆಮೇಲೆ ಬರುತ್ತೇನೆ. ನಾಲ್ಕನೆಯದು ‘ಮುಟ್ಟಬೇಡ’. ಮುಟ್ಟಬೇಡ, ಓಡಬೇಡ, ಕೂಗಬೇಡ, ಹತ್ತಬೇಡ. ದಿನಕ್ಕೆ ನೂರು ಸಲ ಇದನ್ನು ಕೇಳಿದ ಮಗು ಇನ್ನೇನು ಮಾಡಬೇಕು ಹೇಳಿ? ದೊಡ್ಡವರು ದೇವಸ್ಥಾನ ನೋಡುತ್ತಾರೆ. ಮಕ್ಕಳಿಗೆ ನೋಡೋದು ಸಾಲದು, ಕೈಗೋ ಕಾಲಿಗೋ ಕೆಲಸ ಬೇಕು. ಹಾಗಾಗಿ ನಾನು ಒಂದು ದೇವಸ್ಥಾನಕ್ಕೆ ಒಂದು ಕೆಲಸ ಅಂತ ಗೊತ್ತು ಮಾಡಿಕೊಂಡೇ ಹೋಗುತ್ತೇನೆ. ಆ ಕೆಲಸ ಸಿಗದ ದೇವಸ್ಥಾನವನ್ನು, ಅದು ಎಷ್ಟೇ ಹೆಸರಾಗಿರಲಿ, ಮಕ್ಕಳಿರುವ ಗುಂಪಿಗೆ ಸೇರಿಸುವುದಿಲ್ಲ.

ನಾರಾದಿಂದ ಶುರು ಮಾಡುತ್ತೇನೆ. ಒಂದೇ ಊರಿಗೆ ಹೋಗಲು ಸಾಧ್ಯ ಅಂದರೂ ನಾನು ನಾರಾ ಅಂತಲೇ ಹೇಳೋದು. ತೋದಾಯ್-ಜಿಯ ದೊಡ್ಡ ಹೆಬ್ಬಾಗಿಲು ನಾನ್ದಾಯ್‌ಮೊನ್‌ನಲ್ಲಿ ಎರಡು ಕಡೆ ಎಂಟು ಮೀಟರಿಗೂ ಎತ್ತರದ ಮರದ ದ್ವಾರಪಾಲಕರು ನಿಂತಿದ್ದಾರೆ. 1203ರಲ್ಲಿ ಉನ್‌ಕೆಯ್, ಕಾಯ್‌ಕೆಯ್ ಮತ್ತವರ ಶಿಲ್ಪಿಗಳು ಕೆತ್ತಿದ್ದು. ಮಕ್ಕಳನ್ನು ನಡುವೆ ನಿಲ್ಲಿಸಿ, ‘ಇಬ್ಬರ ಬಾಯಿ ನೋಡಿ’ ಅನ್ನಿ. ಒಬ್ಬನ ಬಾಯಿ ತೆರೆದಿದೆ, ಇನ್ನೊಬ್ಬನದು ಮುಚ್ಚಿದೆ. ತೆರೆದವನು ‘ಅ’ ಅನ್ನುತ್ತಿದ್ದಾನೆ, ಮುಚ್ಚಿದವನು ‘ಹೂಂ’. ಸಂಸ್ಕೃತದ ಅಕ್ಷರಗಳೇ ಚೀನಾ ದಾಟಿ ಅಲ್ಲಿಗೆ ಹೋಗಿ ‘ಆ-ಉನ್’ ಆಗಿವೆ. ಆದಿ ಮತ್ತು ಅಂತ್ಯ ಅಂತ ಅರ್ಥ. ನಿಮ್ಮ ಮಗ ತೆರೆದ ಬಾಯಿಯವನ ಮುಂದೆ ಬಾಯಿ ತೆರೆದು ನಿಲ್ಲಲಿ, ಮಗಳು ಮುಚ್ಚಿದವನ ಮುಂದೆ. ಆಮೇಲೆ ಜಪಾನಿನ ಯಾವ ಗುಡಿಗೆ ಹೋದರೂ ಬಾಗಿಲಲ್ಲಿ ಸಿಂಹವೋ ನರಿಯೋ ಜೋಡಿಯಾಗಿ ಕೂತಿರುತ್ತದೆ, ಎಷ್ಟೋ ಕಡೆ ಒಂದರ ಬಾಯಿ ತೆರೆದು ಇನ್ನೊಂದರದ್ದು ಮುಚ್ಚಿರುತ್ತದೆ. ಮಕ್ಕಳು ಓಡಿಹೋಗಿ ಹುಡುಕುತ್ತಾರೆ. ಕಿರುಚುವ ಹುಡುಗನಿಗೆ ಬಾಯಿ ಮುಚ್ಚಿಕೊಳ್ಳುವ ಆಟ ಹೇಳಿಕೊಟ್ಟ ಹಾಗೂ ಆಗುತ್ತದೆ. ಒಳಗೆ ಹೋಗುವಾಗ ‘ಈಗ ಹೂಂ’ ಅಂದರೆ ಸಾಕು. ಎಷ್ಟೋ ಮಕ್ಕಳ ಜೊತೆ ಇದನ್ನು ಮಾಡಿದ್ದೇನೆ, ಹತ್ತು ನಿಮಿಷಕ್ಕಂತೂ ಮೋಸವಿಲ್ಲ.

ಒಳಗಿನ ಬುದ್ಧ ಸುಮಾರು 15 ಮೀಟರ್ ಎತ್ತರ, ಕಂಚಿನದು. ಅತ್ತೆಯವರಿಗೆ ಒಂದು ಕತೆ ಹೇಳಿ. ನಮ್ಮಲ್ಲಿ ವಿಗ್ರಹಕ್ಕೆ ಕಣ್ಣು ತೆರೆಸುವ ಶಾಸ್ತ್ರ ಇದೆಯಲ್ಲ, ಈ ಬುದ್ಧನಿಗೆ ಅದು ನಡೆದದ್ದು 752ರಲ್ಲಿ. ಕಣ್ಣು ಬರೆದವರು ಬೋಧಿಸೇನ, ಭಾರತದಿಂದ ಹೋದ ಭಿಕ್ಷು. ಅವರು ಹಿಡಿದ ಕುಂಚಕ್ಕೆ ಉದ್ದನೆಯ ದಾರ ಕಟ್ಟಿದ್ದರು. ಅದರ ಇನ್ನೊಂದು ತುದಿಯನ್ನು ಕೆಳಗೆ ನೆರೆದವರು ಹಿಡಿದುಕೊಂಡಿದ್ದರು, ಪುಣ್ಯ ಎಲ್ಲರಿಗೂ ಸೇರಲಿ ಅಂತ. ಆ ಕುಂಚವೂ ನೀಲಿ ದಾರವೂ ನಾರಾದ ಶೋಸೋಯಿನ್ ಭಂಡಾರದಲ್ಲಿ ಇವತ್ತಿಗೂ ಉಳಿದಿವೆ. ಈಗಿನ ಮಂಟಪ 1709ರದು. ಹಳೆಯದು ಬೆಂಕಿಗೆ ಹೋಗಿತ್ತು, ಅದು ಇದಕ್ಕಿಂತಲೂ ಅಗಲ ಇತ್ತು.

ಬುದ್ಧನ ಹಿಂದೆ ಒಂದು ದಪ್ಪ ಮರದ ಕಂಬ ಇದೆ. ಅದರ ಬುಡದಲ್ಲಿ ಒಂದು ತೂತು. ಬುದ್ಧನ ಮೂಗಿನ ಹೊಳ್ಳೆಯಷ್ಟೇ ಅಗಲ ಅನ್ನುತ್ತಾರೆ. ಅದರೊಳಗೆ ನುಸುಳಿ ಬಂದರೆ ಒಳ್ಳೆಯದಾಗುತ್ತದೆ ಅಂತ ನಂಬಿಕೆ. ಒಂದು ಸಲ ನನ್ನ ಗುಂಪಿನಲ್ಲಿ ಯಾರ ಜೊತೆಗೂ ಮಾತಾಡದ ಆರು ವರ್ಷದ ಹುಡುಗಿ ಇದ್ದಳು. ಸಾಲಿನಲ್ಲಿ ಅವಳ ಮುಂದೆ ಜಪಾನೀ ಹುಡುಗಿ, ಅವಳದೇ ವಯಸ್ಸು. ಆ ಹುಡುಗಿ ಎರಡೂ ಕೈ ಮುಂದೆ ಚಾಚಿ, ಭುಜ ಓರೆ ಮಾಡಿ ಮೀನಿನ ಹಾಗೆ ಜಾರಿದಳು. ಆಚೆ ಬದಿಯಲ್ಲಿ ಎದ್ದು ನಿಂತವಳು ತಿರುಗಿ ಬಗ್ಗಿ ತೂತಿನೊಳಗೆ ಇಣುಕಿ ನಮ್ಮ ಹುಡುಗಿಗೆ ಕೈ ಕೊಟ್ಟಳು. ಆ ಕೈ ಹಿಡಿದು ನಮ್ಮವಳು ಬಂದಳು. ಫ್ರಾಕಿನ ಮುಂಭಾಗ ಪೂರ್ತಿ ಧೂಳು. ಅವತ್ತು ರಾತ್ರಿ ಊಟದ ಹೊತ್ತಿಗೆ ಅವಳು ಮಾತು ನಿಲ್ಲಿಸಲೇ ಇಲ್ಲ. ನಿಮ್ಮ ಇಬ್ಬರು ಮಕ್ಕಳೂ ಆರಾಮಾಗಿ ನುಸುಳುತ್ತಾರೆ. ಆಚೆ ತುದಿಯಲ್ಲಿ ಅಪ್ಪ ಕೈ ಚಾಚಿ ಕೂತಿರಲಿ. ಅಪ್ಪ ಮಾತ್ರ ನುಸುಳಲು ಹೋಗೋದು ಬೇಡ, ಭುಜ ಸಿಕ್ಕಿಕೊಂಡವರನ್ನು ಕಾಲು ಹಿಡಿದು ಎಳೆದದ್ದಿದೆ. ಕೆಲವೊಮ್ಮೆ ತೂತು ಮುಚ್ಚಿರುತ್ತಾರೆ, ಹಾಗಾಗಿ ಮಕ್ಕಳಿಗೆ ಮೊದಲೇ ಮಾತು ಕೊಡಬೇಡಿ.

ಮಂಟಪದ ಹೊರಗೆ ಕೆಂಪು ಬಟ್ಟೆ ಹೊದ್ದು ಕೂತ ಮರದ ಮೂರ್ತಿ ಒಂದಿದೆ. ಹೆಸರು ಬಿನ್‌ಜುರು. ಬುದ್ಧನ ಶಿಷ್ಯ ಪಿಂಡೋಲ ಭಾರದ್ವಾಜನೇ ಈತ. ಮೂರ್ತಿಯ ಯಾವ ಭಾಗ ಮುಟ್ಟಿ ನಮ್ಮ ಅದೇ ಭಾಗ ಸವರಿಕೊಂಡರೆ ಅಲ್ಲಿನ ನೋವು ಹೋಗುತ್ತದೆ ಅಂತ ನಂಬುತ್ತಾರೆ. ಅತ್ತೆಯವರು ಮೊಣಕಾಲು ಮುಟ್ಟಲಿ. ‘ಮುಟ್ಟು’ ಅಂತ ಹೇಳಬಹುದಾದ ಮೂರ್ತಿ ಅದು, ಮಕ್ಕಳಿಗೂ ಹೇಳಿ.

ಇನ್ನು ಜಿಂಕೆ. ನಾರಾದ ಜಿಂಕೆಗಳು ಸಾಧು ಅನ್ನೋದು ಅರ್ಧ ಸತ್ಯ. ಅವು ಊರಿನ ನಡುವೆ ಇರುವ ಕಾಡು ಪ್ರಾಣಿಗಳು, ಸಾವಿರಕ್ಕೂ ಜಾಸ್ತಿ ಇವೆ. ಅಕ್ಕಿ ತೌಡು, ಗೋಧಿ ಹಿಟ್ಟಿನ ಶಿಕಾ-ಸೆಂಬೆಯ್ ಅನ್ನುವ ಬಿಲ್ಲೆಗಳನ್ನು ಅಲ್ಲೇ ಮಾರುತ್ತಾರೆ. ಜಿಂಕೆ ತಲೆ ಬಾಗಿಸುತ್ತದೆ, ಮಕ್ಕಳಿಗೆ ಕುಣಿಯುವಷ್ಟು ಖುಷಿ. ನನ್ನ ಜೊತೆ ಬಂದಿದ್ದ ಐದು ವರ್ಷದ ಹುಡುಗನೊಬ್ಬ ಇನ್ನೊಮ್ಮೆ ಬಾಗಲಿ ಅಂತ ಬಿಲ್ಲೆಯನ್ನು ಬೆನ್ನ ಹಿಂದೆ ಬಚ್ಚಿಟ್ಟ. ಜಿಂಕೆ ಎರಡು ಸಲ ಬಾಗಿತು, ಮೂರನೆಯ ಸಲ ಅವನ ಹೊಟ್ಟೆಯ ಹತ್ತಿರ ಅಂಗಿ ಸೇರಿಸಿ ಕಚ್ಚಿತು. ರಕ್ತ ಬರಲಿಲ್ಲ, ಕೆಂಪಗೆ ಗುರುತು ಬಿತ್ತು. ನಾನು ಪಕ್ಕದಲ್ಲೇ ಇದ್ದೆ, ಆದರೂ ತಡೆಯಲಾಗಲಿಲ್ಲ. ಅವತ್ತಿಂದ ನನ್ನ ನಿಯಮ ಇಷ್ಟು. ಬಿಲ್ಲೆ ಕೊಡುವುದು ಅಪ್ಪ ಅಥವಾ ಅಮ್ಮ, ಮಗು ಅವರ ಕೈಯ ಜೊತೆ ಕೈ ಸೇರಿಸಬೇಕು. ಆಸೆ ತೋರಿಸಿ ಕಾಯಿಸಬಾರದು, ಬೇಗ ಬೇಗ ಕೊಟ್ಟು ಮುಗಿಸಬೇಕು. ಮುಗಿದ ಮೇಲೆ ಎರಡೂ ಅಂಗೈ ಬಿಚ್ಚಿ ತೋರಿಸಿದರೆ ಜಿಂಕೆ ದೂರ ಹೋಗುತ್ತದೆ. ಕೈಯಲ್ಲಿ ಕಾಗದ, ಪ್ಲಾಸ್ಟಿಕ್ ಚೀಲ ಇರಬಾರದು, ಅದನ್ನೂ ತಿನ್ನುತ್ತವೆ. ನೀವು ಹೋಗುವ ಮೇ ತಿಂಗಳಿಗೆ ಇನ್ನೂ ಒಂದು ಮಾತು. ಮೇ ನಡುವಿನಿಂದ ಮರಿ ಹಾಕುವ ಕಾಲ. ಮರಿ ಒಂಟಿಯಾಗಿ ಹುಲ್ಲಿನಲ್ಲಿ ಮಲಗಿದ್ದರೂ ತಾಯಿ ಹತ್ತಿರದಲ್ಲೇ ಇರುತ್ತದೆ, ಹತ್ತಿರ ಹೋದವರನ್ನು ಒದೆಯುತ್ತದೆ. ಮರಿ ಮುಟ್ಟಲೇಬಾರದು.

ಕ್ಯೋಟೋದಲ್ಲಿ ಫುಶಿಮಿ ಇನಾರಿ ನಿಮ್ಮ ಮೊದಲ ಸಂಜೆಗೆ ಹೇಳಿ ಮಾಡಿಸಿದ ಜಾಗ. ಟಿಕೆಟ್ ಇಲ್ಲ, ಬಾಗಿಲು ಹಾಕುವ ಹೊತ್ತೂ ಇಲ್ಲ. ಕ್ಯೋಟೋ ನಿಲ್ದಾಣದಿಂದ ನಾರಾ ಕಡೆಯ ಲೋಕಲ್ ರೈಲಿನಲ್ಲಿ ಎರಡನೆಯ ನಿಲ್ದಾಣ ಇನಾರಿ, ಇಳಿದರೆ ಎದುರಿಗೇ ಗುಡಿ. ಸಾವಿರಾರು ಕೆಂಪು ತೋರಣದ ಕಮಾನುಗಳು 233 ಮೀಟರ್ ಎತ್ತರದ ಬೆಟ್ಟದ ತುದಿವರೆಗೂ ಹೋಗುತ್ತವೆ. ಪೂರ್ತಿ ಸುತ್ತಿ ಬರಲು ಎರಡು ಮೂರು ಗಂಟೆ ಬೇಕು. ನಿಮಗೆ ತುದಿ ಬೇಡ. ಒತ್ತೊತ್ತಾಗಿ ನಿಲ್ಲಿಸಿರುವ ಸೆಂಬೊನ್ ತೋರಿಯಿ ಅನ್ನುವ ಕಮಾನುಗಳ ಸಾಲು ದಾಟಿ ಒಳಗಿನ ಚಿಕ್ಕ ಗುಡಿವರೆಗೆ ಹೋಗಿ ತಿರುಗಿ ಬನ್ನಿ. ಅಲ್ಲಿ ನರಿಯ ಮುಖದ ಆಕಾರದ ಮರದ ಹಲಗೆ ಸಿಗುತ್ತದೆ, ಹರಕೆ ಬರೆದು ನೇತು ಹಾಕುವ ಎಮಾ. ಮುಖ ಖಾಲಿ ಇರುತ್ತದೆ, ಕಣ್ಣು ಬಾಯಿ ನಾವೇ ಬರೆಯಬೇಕು. ನಿಮ್ಮ ಮಗಳಿಗೆ ಅರ್ಧ ಗಂಟೆಯ ಕೆಲಸ. ಇದು ಬೇಕಿದ್ದರೆ ನಾಲ್ಕು ಗಂಟೆಯೊಳಗೆ ಅಲ್ಲಿರಿ, ಸಂಜೆಯಾದ ಮೇಲೆ ಮಾರುವ ಕಿಟಕಿ ಮುಚ್ಚಿರುತ್ತಾರೆ. ಮಗನಿಗೆ ಬೇರೆ ಕೆಲಸ ಕೊಡಿ, ನರಿಗಳ ಬಾಯಲ್ಲಿ ಏನಿದೆ ಅಂತ ಹುಡುಕೋದು. ಒಂದರ ಬಾಯಲ್ಲಿ ಕೀಲಿಕೈ, ಒಂದರಲ್ಲಿ ಭತ್ತದ ತೆನೆ, ಒಂದರಲ್ಲಿ ಮಣಿ, ಇನ್ನೊಂದರಲ್ಲಿ ಸುರುಳಿ. ಇನಾರಿ ಬೆಳೆಯ ದೇವರು, ನರಿ ಆ ದೇವರ ದೂತ.

ನಿಜೋ ಕೋಟೆ ದೇವಸ್ಥಾನವಲ್ಲ, ಆದರೂ ಪಟ್ಟಿಗೆ ಸೇರಿಸಿ. 1603ರಲ್ಲಿ ಕಟ್ಟಿದ್ದು. ಒಳಗೆ ಚಪ್ಪಲಿ ಬಿಚ್ಚಿ ನಡೆದರೆ ಮರದ ನೆಲ ಹಕ್ಕಿಯ ಹಾಗೆ ಚೀಂವ್ ಚೀಂವ್ ಅನ್ನುತ್ತದೆ. ಹಲಗೆಯ ಕೆಳಗಿನ ಕಬ್ಬಿಣದ ಪಟ್ಟಿಗೆ ಮೊಳೆ ಉಜ್ಜಿ ಬರುವ ಸದ್ದು. ನೆಲವೇ ಸದ್ದು ಮಾಡುವ ಕಡೆ ನಿಮ್ಮ ಮಗ ಎಷ್ಟು ನಿಧಾನಕ್ಕೆ ನಡೆದರೆ ಸದ್ದು ಬರೋದಿಲ್ಲ ಅಂತ ನೋಡುತ್ತಾ ತಾನೇ ಮೆಲ್ಲಗೆ ಹೆಜ್ಜೆ ಇಡುತ್ತಾನೆ.

ಅತ್ತೆಯವರಿಗಾಗಿ ಒಂದು ದಿನ ತೋ-ಜಿ. ಕ್ಯೋಟೋ ನಿಲ್ದಾಣದಿಂದ ನಡೆದರೆ ಕಾಲು ಗಂಟೆ, ಟ್ಯಾಕ್ಸಿಯಲ್ಲಿ ಐದು ನಿಮಿಷ. ನೆಲ ಸಮತಟ್ಟು, ಮೆಟ್ಟಿಲು ಕಡಿಮೆ. ಸುಮಾರು 55 ಮೀಟರ್ ಎತ್ತರದ ಐದು ಅಂತಸ್ತಿನ ಗೋಪುರ, ಜಪಾನಿನ ಮರದ ಗೋಪುರಗಳಲ್ಲೇ ಎತ್ತರದ್ದು. ಉಪದೇಶ ಮಂಟಪದ 21 ಮೂರ್ತಿಗಳಲ್ಲಿ ಆನೆಯ ಮೇಲೆ ಕೂತ ಒಬ್ಬರಿದ್ದಾರೆ, ಹಂಸಗಳ ಮೇಲೆ ಕೂತ ಒಬ್ಬರು. ಹೆಸರು ತಾಯ್‌ಶಾಕುತೆನ್, ಬೊನ್‌ತೆನ್. ನಮ್ಮ ಇಂದ್ರ, ಬ್ರಹ್ಮ. ಇದನ್ನು ನೀವು ಹೇಳಬೇಡಿ, ಅತ್ತೆಯವರೇ ಗುರುತು ಹಿಡಿದು ಮೊಮ್ಮಕ್ಕಳಿಗೆ ತೋರಿಸಲಿ. ಸಾಂಜೂಸಾನ್‌ಗೆನ್-ದೋ ಕೂಡ ಹೀಗೆಯೇ. 120 ಮೀಟರ್ ಉದ್ದದ ಒಂದೇ ಮಂಟಪದಲ್ಲಿ ಕರುಣೆಯ ಬೋಧಿಸತ್ವ ಕನ್ನೋನ್‌ನ 1001 ಮೂರ್ತಿಗಳು, ಅವುಗಳ ಮುಂದೆ 28 ಕಾವಲು ದೇವತೆಗಳು. ಅವರಲ್ಲಿ ಕೊಳಲೂದುವ ಗರುಡನೂ ಇದ್ದಾನೆ. ಆದರೆ ಇಲ್ಲಿ ಒಳಗೆ ಕತ್ತಲು, ಜನ ಪ್ರಾರ್ಥನೆ ಮಾಡುತ್ತಿರುತ್ತಾರೆ, ಫೋಟೊ ತೆಗೆಯುವಂತಿಲ್ಲ. ಮಗಳು, ಅತ್ತೆ, ನೀವು ಹೋಗಿ. ಆ ಹೊತ್ತಿಗೆ ಅಪ್ಪ ಮಗ ಕ್ಯೋಟೋ ರೈಲ್ವೆ ಮ್ಯೂಸಿಯಂಗೆ ಹೋಗಲಿ. ಹಬೆ ಎಂಜಿನ್‌ಗಳ ಮುಂದೆ ಎಷ್ಟು ಬೇಕಾದರೂ ಕಿರುಚಬಹುದು.

ಪಟ್ಟಿಯ ಉಳಿದದ್ದರ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಕಿಂಕಾಕು-ಜಿ ಚೆಂದ, ಆದರೆ ಜನದ ಜೊತೆ ಒಂದೇ ದಾರಿಯಲ್ಲಿ ಸಾಗಿ ಮುಕ್ಕಾಲು ಗಂಟೆಯಲ್ಲಿ ಹೊರಗೆ ಬರುತ್ತೀರಿ, ಮಕ್ಕಳಿಗೆ ಕೆಲಸ ಇಲ್ಲ. 1950ರಲ್ಲಿ ಸುಟ್ಟುಹೋಗಿ 1955ರಲ್ಲಿ ಮತ್ತೆ ಕಟ್ಟಿದ್ದು ಅಂತ ಹೇಳಿದರೆ ಮಗಳಿಗೆ ಸ್ವಲ್ಪ ಕುತೂಹಲ ಹುಟ್ಟಬಹುದು. ಕಿಯೋಮಿಜು-ದೇರಾಕ್ಕೆ ಏರು ದಾರಿ, ಅತ್ತೆಯವರ ಮೊಣಕಾಲಿಗೆ ಕಷ್ಟ. ಕೊನೆಯ ದಿನ ಬೆಳಗ್ಗೆ ಬೇಗ ಎದ್ದರೆ ಮಾತ್ರ ಹೋಗಿ. ರ್‍ಯೋಆನ್-ಜಿ ಮಾತ್ರ ಮಗಳ ಪಾಲಿಗಿರಲಿ. ಜಲ್ಲಿಯ ತೋಟದಲ್ಲಿ 15 ಕಲ್ಲುಗಳಿವೆ. ಜಗಲಿಯ ಮೇಲೆ ಎಲ್ಲಿ ಕೂತರೂ 14 ಮಾತ್ರ ಕಾಣುತ್ತವೆ. ಒಂಬತ್ತು ವರ್ಷದವರು ಅದನ್ನು ಸುಳ್ಳು ಮಾಡಲು ಜಗಲಿಯ ಉದ್ದಕ್ಕೂ ಜರುಗಿ ಜರುಗಿ ಎಣಿಸುತ್ತಾರೆ. ನಾಲ್ಕು ವರ್ಷದವರಿಗೆ ಅದು ಮರಳಿನ ಗುಂಡಿ. ಜಗಲಿಗೂ ಜಲ್ಲಿಗೂ ನಡುವೆ ತಡೆ ಇಲ್ಲ, ಒಂದು ಜಿಗಿತ ಸಾಕು. ಹಲ್ಲುಕೋಲಿನಿಂದ ಎಳೆದ ಆ ಗೆರೆಗಳ ಮೇಲೆ ಹೆಜ್ಜೆ ಮೂಡಿದರೆ ಅದು ನಿಜವಾದ ಮೆಯ್‌ವಾಕು. ಕೂಗಿಗಿಂತ ನಾನು ಹೆದರುವುದು ಇದಕ್ಕೆ. ಹಾಗೆಯೇ ಕಾಗದದ ಬಾಗಿಲುಗಳು, ಬೆನ್ನಿಗೆ ಹಾಕಿದ ಚೀಲ ತಗುಲಿ ಹರಿಯಬಾರದು. ಕೆಂಪು ಬಟ್ಟೆ ಕಟ್ಟಿದ ಪುಟ್ಟ ಪುಟ್ಟ ಜಿಜೋ (ಮಕ್ಕಳನ್ನು ಕಾಯುವ ಬೋಧಿಸತ್ವ) ಮೂರ್ತಿಗಳನ್ನೂ ಮುಟ್ಟದಂತೆ ನೋಡಿಕೊಳ್ಳಿ. ಬೊಂಬೆಯ ಹಾಗೆ ಕಾಣುತ್ತವೆ, ಆದರೆ ಎಷ್ಟೋ ಕಡೆ ಮಗುವನ್ನು ಕಳೆದುಕೊಂಡ ತಾಯಂದಿರು ಕಟ್ಟಿದ ಬಟ್ಟೆ ಅದು.

ನಿಮ್ಮ ಮುಂದೆ ಮೂರು ದಾರಿ ಇವೆ. ನಾಲ್ಕೂ ರಾತ್ರಿ ಕ್ಯೋಟೋ ನಿಲ್ದಾಣದ ಹತ್ತಿರ ಉಳಿಯುವುದು ಒಂದು. ಸಾಮಾನು ಕಟ್ಟಿ ಬಿಚ್ಚುವ ತಾಪತ್ರಯ ಇಲ್ಲ, ನಾರಾಕ್ಕೆ ಮುಕ್ಕಾಲು ಗಂಟೆಯ ರೈಲು. ಆದರೆ ಕ್ಯೋಟೋ ಸಿಟಿ ಬಸ್ಸುಗಳು ತುಂಬಿರುತ್ತವೆ, ಅತ್ತೆ ಮಗ ಇಬ್ಬರನ್ನೂ ನಿಲ್ಲಿಸಿಕೊಂಡು ಹೋಗಲು ಆಗೋದಿಲ್ಲ. ರೈಲು ಮತ್ತು ಟ್ಯಾಕ್ಸಿಗೆ ಹಣ ತೆಗೆದಿಡಿ. ಎರಡನೆಯದು, ಎರಡು ರಾತ್ರಿ ನಾರಾದಲ್ಲೇ ಉಳಿಯುವುದು. ಹಗಲಿನ ಬಸ್ಸುಗಳು ಹೋದ ಮೇಲೆ ಆ ಊರು ಶಾಂತವಾಗುತ್ತದೆ. ನನಗೆ ಇಷ್ಟ ಇದೇ. ಸಸ್ಯಾಹಾರದ ಹೋಟೆಲ್ ಕಡಿಮೆ ಅನ್ನೋದು ತೊಂದರೆ. ಮೂರನೆಯದು, ದಿನಾ ಮಧ್ಯಾಹ್ನ ಕುಟುಂಬ ಎರಡಾಗುವುದು. ಅತ್ತೆ, ಮಗ ಹೋಟೆಲ್‌ನಲ್ಲಿ ಮಲಗುತ್ತಾರೆ, ಉಳಿದವರು ಒಂದು ದೇವಸ್ಥಾನ ನೋಡಿ ಬರುತ್ತಾರೆ. ಹೀಗೆ ಮಾಡಿದರೆ ಮನೆಯವರ ಪಟ್ಟಿಯಲ್ಲಿ ಇನ್ನೆರಡು ಉಳಿಯಬಹುದು. ಅಪರಿಚಿತ ಊರಲ್ಲಿ ಅತ್ತೆಯವರೊಬ್ಬರಿಗೇ ಮಗುವನ್ನು ಬಿಟ್ಟು ಮಾತ್ರ ಹೋಗಬೇಡಿ, ನಿಮ್ಮಿಬ್ಬರಲ್ಲಿ ಒಬ್ಬರು ಇರಿ. ಮಕ್ಕಳ ಜೇಬಿನಲ್ಲಿ ಹೋಟೆಲ್ ಕಾರ್ಡು ಇರಲಿ. ಪೊಲೀಸ್‌ಗೆ 110, ಆಂಬುಲೆನ್ಸ್‌ಗೆ 119.

ತಾರೀಖಿನ ಮಾತು. ಏಪ್ರಿಲ್ 29ರಿಂದ ಮೇ 5ರವರೆಗೆ ಅಲ್ಲಿ ಗೋಲ್ಡನ್ ವೀಕ್, ಇಡೀ ದೇಶ ರಜೆಯಲ್ಲಿರುತ್ತದೆ. ಆ ವಾರ ದಾಟಿದ ಮೇಲೆ ಹೋಗಿ. ಜೂನ್‌ನಲ್ಲಿ ಮಳೆಗಾಲ ಶುರುವಾಗುವ ಮೊದಲು ಮೇ ನಡುವಿನ ದಿನಗಳು ಹಿತವಾಗಿರುತ್ತವೆ, 25 ಡಿಗ್ರಿ ಆಸುಪಾಸು. ನಮ್ಮ ಶಾಲೆಗಳಿಗೂ ಆಗ ರಜೆ. ಜೆಆರ್ (ಜಪಾನ್ ರೈಲ್ವೇಸ್) ರೈಲುಗಳಲ್ಲಿ ನಿಮ್ಮ ಮಗನಿಗೆ ಬೇರೆ ಸೀಟು ಬೇಡ ಅಂದರೆ ಟಿಕೆಟ್ ಬೇಡ, ಮಗಳಿಗೆ ಅರ್ಧ.

ಊಟದ ವಿಷಯದಲ್ಲಿ ಸ್ವಲ್ಪ ಗಟ್ಟಿಯಾಗಿ ಹೇಳಬೇಕು. ಜಪಾನಿನಲ್ಲಿ ‘ಸಸ್ಯಾಹಾರ’ ಅಂತ ಕೊಟ್ಟ ಸಾರಿನಲ್ಲೂ ದಾಶಿ ಇರುತ್ತದೆ. ಒಣಗಿಸಿದ ಕತ್ಸುಓ ಮೀನಿನ ಚೂರಿನಿಂದ ಮಾಡುವ ತಿಳಿನೀರು ಅದು. ಮಿಸೋ ಸೂಪ್, ನೂಡಲ್ಸ್‌ನ ಸಾರು, ತೋಫು ಅದ್ದಿಕೊಳ್ಳುವ ರಸ, ಎಲ್ಲದರಲ್ಲೂ. ಮೀನಿನ ತುಂಡು ಕಾಣಲಿಲ್ಲ ಅಂತ ನಂಬಬೇಡಿ. ಇದಕ್ಕೆ ಉತ್ತರವೂ ದೇವಸ್ಥಾನದಲ್ಲೇ ಇದೆ. ಭಿಕ್ಷುಗಳ ಅಡುಗೆ ಶೋಜಿನ್ ರ್‍ಯೋರಿಯಲ್ಲಿ ಮೀನು ಮಾಂಸ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಸಾರಿನ ರುಚಿಗೆ ಕೊಂಬು ಅನ್ನುವ ಕಡಲ ಪಾಚಿ, ಒಣ ಅಣಬೆ. ಕ್ಯೋಟೋದ ಪಶ್ಚಿಮ ಅಂಚಿನ ಅರಾಶಿಯಾಮಾದ ತೆನ್‌ರ್‍ಯೂ-ಜಿ ದೇವಸ್ಥಾನದ ಆವರಣದಲ್ಲಿ ಶಿಗೆತ್ಸು ಅನ್ನುವ ಊಟದ ಮನೆ ಇದೆ, ಅತ್ತೆಯವರನ್ನು ಒಂದು ಮಧ್ಯಾಹ್ನ ಅಲ್ಲಿ ಕೂರಿಸಿ. ನೆಲದ ಮೇಲೆ ಕೂರಬೇಕು, ಮೊಣಕಾಲಿನ ವಿಷಯ ಕಾಯ್ದಿರಿಸುವಾಗಲೇ ಕೇಳಿ. ಮಗ ಅದನ್ನು ತಿನ್ನೋದು ಕಷ್ಟ, ಎಲ್ಲ ಸಪ್ಪೆ. ಅವನಿಗೆ ಚೀಲದಲ್ಲಿ ಅವಲಕ್ಕಿ, ಚಕ್ಕುಲಿ, ಚಟ್ನಿಪುಡಿ ಇರಲಿ. ಮಾವಿನಹಣ್ಣು, ಹಸಿ ಕರಿಬೇವು ಒಯ್ಯಬೇಡಿ, ವಿಮಾನ ನಿಲ್ದಾಣದಲ್ಲೇ ಹೋಗುತ್ತದೆ. ತಿನ್ನುವಾಗ ಒಂದು ಕಡೆ ನಿಂತು ತಿನ್ನಿ, ಕಸ ಹಾಕಲು ಡಬ್ಬಿ ಸಿಗೋದಿಲ್ಲ, ನಿಮ್ಮದೇ ಚೀಲದಲ್ಲಿ ಹೋಟೆಲ್‌ವರೆಗೆ ಬರಬೇಕು.

ಕೊನೆಯ ಪ್ರಶ್ನೆ, ಕೈ ಮುಗಿಯಬಹುದಾ? ಖಂಡಿತ. ಯಾರೂ ನಿಮ್ಮ ಧರ್ಮ ಕೇಳೋದಿಲ್ಲ. ಬೌದ್ಧ ದೇವಸ್ಥಾನದಲ್ಲಿ ನಮ್ಮ ಹಾಗೆಯೇ ಎರಡೂ ಕೈ ಜೋಡಿಸಿ ತಲೆ ಬಾಗಿಸಿದರೆ ಆಯಿತು. ಕೆಂಪು ಕಮಾನಿನ ಶಿಂಟೋ ಗುಡಿಯಲ್ಲಿ ಎರಡು ಸಲ ಬಾಗಿ, ಎರಡು ಸಲ ಚಪ್ಪಾಳೆ ತಟ್ಟಿ, ಕೊನೆಗೆ ಒಂದು ಸಲ ಬಾಗುತ್ತಾರೆ. ಚಪ್ಪಾಳೆ ನಿಮ್ಮ ಮಗನಿಗೆ ಬಿಡಿ. ಒಳಗೆ ಹೋಗುವ ಮೊದಲು ನೀರಿನ ತೊಟ್ಟಿ ಇರುತ್ತದೆ. ಸೌಟಿನಿಂದ ಮೊದಲು ಎಡಗೈ, ಆಮೇಲೆ ಬಲಗೈ, ಆಮೇಲೆ ಅಂಗೈಯಲ್ಲಿ ನೀರು ತೆಗೆದುಕೊಂಡು ಬಾಯಿ. ಸೌಟಿಗೆ ಬಾಯಿ ಹಚ್ಚಬಾರದು, ಎಂಜಲು ನಮಗೆ ಗೊತ್ತಿರೋದೇ. ಹೊಸ್ತಿಲು ತುಳಿಯಬಾರದು ಅನ್ನೋದೂ ಅಲ್ಲಿದೆ, ಅತ್ತೆಯವರೇ ಮಕ್ಕಳಿಗೆ ನೆನಪಿಸುತ್ತಾರೆ. ಅವರಿಗೆ ಆಶ್ಚರ್ಯ ಆಗೋದು ಬೇರೆಯದಕ್ಕೆ. ತೋದಾಯ್-ಜಿಯ ದೊಡ್ಡ ಬುದ್ಧನ ಮುಂದೆ ಎಲ್ಲರೂ ಶೂ ಹಾಕಿಕೊಂಡೇ ಓಡಾಡುತ್ತಾರೆ. ಅದನ್ನು ಮೊದಲೇ ಹೇಳಿಟ್ಟಿರಿ. ಬೇರೆ ಎಷ್ಟೋ ಕಡೆ ಬಿಚ್ಚಬೇಕು, ಹಾಗಾಗಿ ಎಲ್ಲರಿಗೂ ಅಂಟುಪಟ್ಟಿಯ ಶೂ, ತೂತಿಲ್ಲದ ಕಾಲುಚೀಲ.

ಕಾಣಿಕೆಗೆ ಅಲ್ಲಿನವರು ಐದು ಯೆನ್ ಹಾಕುತ್ತಾರೆ. ಐದು ಯೆನ್ ಅನ್ನೋದಕ್ಕೆ ಅವರ ಭಾಷೆಯಲ್ಲಿ ‘ಗೋ-ಎನ್’, ಋಣಾನುಬಂಧಕ್ಕೂ ಅದೇ ಉಚ್ಚಾರ. ಹಿತ್ತಾಳೆ ಬಣ್ಣದ, ನಡುವೆ ತೂತಿರುವ ನಾಣ್ಯ, ಗುರುತು ಹಿಡಿಯುವುದು ಸುಲಭ. ಮೊದಲ ದಿನದ ಚಿಲ್ಲರೆಯಿಂದಲೇ ಅವನ್ನು ಆರಿಸಿ ಮಗನ ಜೇಬಿಗೆ ಹಾಕುತ್ತಾ ಬನ್ನಿ. ಪೆಟ್ಟಿಗೆಗೆ ಹಾಕುವ ಕೆಲಸ ಅವನದು. ಗಂಟೆಯ ಹಗ್ಗ ಎಳೆಯುವುದು ಮಗಳು ಅಂತ ಹೋಟೆಲ್‌ನಲ್ಲೇ ಮಾತಾಡಿಕೊಂಡು ಹೊರಡಿ, ಇಲ್ಲದಿದ್ದರೆ ದೇವರ ಮುಂದೆಯೇ ಜಗಳ ಶುರುವಾಗುತ್ತೆ.